ಕರಿಕೋಟಿಲ್ಲದ ಕಾನೂನು

*ಸಂಪಾದಕರೇ, ನಾನು ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್. ಬಿ.ಎಸ್ಸಿ. ನರ್ಸಿಂಗ್ ಓದಿದ್ದೇನೆ. ವೈದ್ಯಕೀಯ ಕಾನೂನಿನಲ್ಲಿ ಒಂದು ವರ್ಷದ ಡಿಪ್ಲೊಮಾ ಮಾಡಬೇಕು ಅಂತ ಆಸೆ. ಚಿತ್ರದುರ್ಗದಲ್ಲಿ ವಕೀಲರಾಗಿರುವ ನಮ್ಮ ಭಾವನವರು, ‘ಕರಿಕೋಟು ಹಾಕೋಕಾಗದ ಓದು ಯಾಕಮ್ಮಾ, ಸುಮ್ನೆ ದುಡ್ಡು ದಂಡ’ ಅನ್ನುತ್ತಾರೆ. ನಿಮ್ಮ ಅಭಿಪ್ರಾಯ ಏನು?*
*– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ*

ಸಿಸ್ಟರ್, ಮೊದಲು ನಿಮ್ಮ ಭಾವನವರಿಗೆ ಒಂದು ನಮಸ್ಕಾರ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. 1961ರ ವಕೀಲರ ಕಾಯ್ದೆಯ ಪ್ರಕಾರ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಬೇಕಾದರೆ ಎಲ್‌ಎಲ್‌.ಬಿ. ಓದಲೇಬೇಕು. ಡಿಗ್ರಿ ಆದವರಿಗೆ ಅದು ಮೂರು ವರ್ಷ. ಆಮೇಲೆ ಬಾರ್ ಕೌನ್ಸಿಲ್ ಪರೀಕ್ಷೆ. ಡಿಪ್ಲೊಮಾ ಹಿಡಿದು ಹೋದರೆ ವಕಾಲತ್ತು ಹಾಕಲು ಬಿಡುವುದಿಲ್ಲ. ಅರ್ಧ ಕಾನೂನು ಓದಿದವರು ಬೀದಿಗೊಬ್ಬರು ಇದ್ದಾರೆ, ಅಕ್ಕಪಕ್ಕದವರಿಗೆ ನೋಟಿಸ್ ಬರೆದುಕೊಟ್ಟು ಇದ್ದ ಜಗಳವನ್ನು ಎರಡು ಮಾಡುತ್ತಾರೆ ಅನ್ನುವುದೂ ನಿಜ. ಅಲ್ಲಿಗೆ ಭಾವನವರ ಲೆಕ್ಕ ಚುಕ್ತಾ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಕೋರ್ಟಿನಲ್ಲಿ ನಿಲ್ಲುತ್ತೇನೆ ಅಂತ ನೀವು ಎಲ್ಲಿ ಹೇಳಿದ್ದೀರಿ? ಈಜು ಕಲಿಯುವವರೆಲ್ಲ ಪದಕಕ್ಕೇ ಹೋಗುತ್ತಾರಾ? ಕೆರೆಯ ದಂಡೆಯಲ್ಲಿ ಮನೆ ಇದೆ, ಅದಕ್ಕೆ ಕಲಿಯುತ್ತಾರೆ. ನಿಮ್ಮ ವಾರ್ಡಿಗಿಂತ ದೊಡ್ಡ ಕೆರೆ ಬೇಕಾ?

ಸಮೀರಾ ಕೊಹ್ಲಿ ಕೇಸನ್ನು ನೋಡಿ. 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಕೆ ಬರೀ ತಪಾಸಣೆಗೆ ಅಂತ ಅನಸ್ತೇಷಿಯಾ ತಗೊಂಡು ಮಲಗಿದ್ದರು. ಒಳಗೆ ಡಾಕ್ಟರಿಗೆ ಕಾಯಿಲೆ ಕಂಡಿತು. ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಜೀವ ಹೋಗುವಂಥ ತುರ್ತು ಇರಲಿಲ್ಲ. ತಪಾಸಣೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಕೊಟ್ಟ ಒಪ್ಪಿಗೆಯಲ್ಲ, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕಳ ಬದಲು ತಾಯಿ ಹೂಂ ಅಂದರೆ ಸಾಲದು ಎಂದಿತು ಕೋರ್ಟು. ಎಚ್ಚರವಾಗುವ ತನಕ ಕಾದು ಕೇಳಬಹುದಿತ್ತು.

ಇದನ್ನು ಯಾಕೆ ಇಷ್ಟುದ್ದ ಹೇಳಿದೆ ಅಂದರೆ, ಆಸ್ಪತ್ರೆಗಳಲ್ಲಿ ಆ ಕನ್ಸೆಂಟ್ ಫಾರಂ ಹಿಡಿದುಕೊಂಡು ಓಡಾಡುವವರು ಯಾರು? ಡಾಕ್ಟರಾ? ನಿಮ್ಮ ಸ್ಟಾಫ್ ನರ್ಸುಗಳು! ಓಟಿ ಬಾಗಿಲಲ್ಲಿ ‘ಇಲ್ಲೊಂದು ಸಹಿ, ಇಲ್ಲೊಂದು ಸಹಿ’ ಅನ್ನುತ್ತಾ ಮಾವನದೋ ಮೈದುನನದೋ ಹೆಬ್ಬೆಟ್ಟು ಒತ್ತಿಸುವವರು ಅವರೇ. ನಾಳೆ ಗ್ರಾಹಕರ ಆಯೋಗದಲ್ಲಿ ಆ ಕಾಗದವೇ ಮೊದಲು ಹೊರಗೆ ಬರುತ್ತದೆ. ಕಾಸು ತಗೊಂಡು ಮಾಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿಯಾಗಿದೆ. ರೋಗಿ ಕಡೆಯವರು ಕೇಸ್‌ಶೀಟ್ ಕೇಳಿದರೆ ಡಾಕ್ಟರು 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನಿಯಮಗಳಲ್ಲಿದೆ. ‘ನಾಳೆ ಬನ್ನಿ’ ಅಂತ ಕಳಿಸುವ ಕೌಂಟರಿನವರಿಗೆ ಇದನ್ನು ಯಾರಾದರೂ ಹೇಳಿದ್ದಾರಾ?

ನಾನೇನೂ ಬಹಳ ಬುದ್ಧಿವಂತನಲ್ಲ. ಹಿಂದೊಮ್ಮೆ ಜಾಹೀರಾತಿನ ಬಾಬ್ತು ಒಬ್ಬ ಮಂಡಕ್ಕಿ ವ್ಯಾಪಾರಿ ಕೊಟ್ಟ ಚೆಕ್ಕು ಬೌನ್ಸ್ ಆಯಿತು. ಆತ ‘ನಾಡಿದ್ದು ಕೊಡ್ತೀನಿ ಸಾರ್’ ಅಂದಾಗಲೆಲ್ಲ ನಂಬಿದೆ. ಮಿರ್ಚಿ ಮಂಡಕ್ಕಿ ಕೊಡಿಸಿದ, ತಿಂದುಬಂದೆ. ಕೊನೆಗೆ ವಕೀಲರ ಹತ್ತಿರ ಹೋದರೆ, ಬ್ಯಾಂಕಿನಿಂದ ವಾಪಸ್ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕಿತ್ತಲ್ಲ ಮಾರಾಯ ಎಂದರು. ಇನ್ನೊಂದು ಸಲ ಬ್ಯಾಂಕಿಗೆ ಹಾಕೋಣ ಅಂದರೆ ಚೆಕ್ಕಿನ ಮೂರು ತಿಂಗಳ ಆಯಸ್ಸೂ ಮುಗಿದಿತ್ತು. ನಾನು ಎಂ.ಎ. ಓದಿದವನು. ಅಲಂಕಾರಶಾಸ್ತ್ರ ಬಾಯಿಗೆ ಬರುತ್ತದೆ. ಚೆಕ್ಕಿನ ಕಾನೂನು ಯಾರೂ ಹೇಳಿಕೊಡಲಿಲ್ಲ.

ಅಮೆರಿಕದಲ್ಲಿ ಲಿಂಡಾ ಗ್ರೀನ್‌ಹೌಸ್ ಎಂಬ ಪತ್ರಕರ್ತೆ ಇದ್ದಾರೆ. ಯೇಲ್ ಲಾ ಸ್ಕೂಲಿನಲ್ಲಿ ವಕೀಲರಲ್ಲದವರಿಗಾಗಿಯೇ ಇರುವ ಮಾಸ್ಟರ್ಸ್ ಕೋರ್ಸನ್ನು 1978ರಲ್ಲಿ ಮುಗಿಸಿದರು. ಆಮೇಲೆ ನ್ಯೂಯಾರ್ಕ್ ಟೈಮ್ಸ್‌ಗೆ ಸುಮಾರು 30 ವರ್ಷ ಅಲ್ಲಿನ ಸುಪ್ರೀಂ ಕೋರ್ಟಿನ ವರದಿ ಬರೆದರು. 1998ರಲ್ಲಿ ಅಲ್ಲಿನ ಪತ್ರಕರ್ತರ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಬಂತು. ವಕೀಲಿಕೆ ಮಾಡಲೇ ಇಲ್ಲ. ನಮ್ಮಲ್ಲಿ? ಎಫ್‌ಐಆರ್ ಆದ ದಿನವೇ ಆರೋಪಿಯನ್ನು ‘ಅಪರಾಧಿ’ ಅಂತ ಹೆಡ್ಡಿಂಗ್ ಕೊಟ್ಟು ಮಲಗುತ್ತೇವೆ. ಈ ಕಚೇರಿಯಲ್ಲೂ ಆಗಿದೆ, ಮುಚ್ಚಿಡುವುದಿಲ್ಲ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಇಂಥ ದೂರಶಿಕ್ಷಣದ ಡಿಪ್ಲೊಮಾಗಳು ಬಹಳ ಕಾಲದಿಂದ ಇವೆ. ವೈದ್ಯಕೀಯ ಕಾನೂನು, ಪರಿಸರ, ಮಕ್ಕಳ ಹಕ್ಕು, ಗ್ರಾಹಕ ಕಾನೂನು. ಯಾವ ಡಿಗ್ರಿಯಾದರೂ ಸಾಕು. ಆದರೆ ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷ್. ನನ್ನ ಹಳೇ ಹೊಟ್ಟೆಯುರಿ ಇರುವುದೇ ಇಲ್ಲಿ. ಐಪಿಸಿ ಬದಲಿಗೆ ಹೊಸ ದಂಡ ಸಂಹಿತೆ, ಅಂದರೆ ಭಾರತೀಯ ನ್ಯಾಯ ಸಂಹಿತೆ, 2024ರ ಜುಲೈ 1ರಿಂದ ಬಂತು. ಹಳೆಯ 511 ಕಲಂ ಹೋಗಿ 358 ಆಯಿತು. ಮೋಸದ 420 ಈಗ 318. ನಮ್ಮ ಜನ ಬೈಯುವುದು ಮಾತ್ರ ಇನ್ನೂ ಫೋರ್‌ಟ್ವೆಂಟಿ ಅಂತಲೇ! ಯಾರು ಕೂತು ಕನ್ನಡದಲ್ಲಿ ತಿಳಿಸಿದರು? ಕನ್ನಡದಲ್ಲೇ ಇರುವ ಕ್ರಯಪತ್ರವಾದರೂ ತಿಳಿಯುತ್ತದಾ? ಸದರಿ, ಮಜಕೂರು, ಚಕ್ಕುಬಂದಿ. ರೈತ ತನ್ನ ಹೊಲ ತಾನೇ ಮಾರುತ್ತಾ ಪತ್ರ ಬರೆಯುವವನ ಮುಖ ನೋಡುತ್ತಾನೆ.

ದಾವಣಗೆರೆಯಲ್ಲಿ ಆರ್.ಎಲ್. ಕಾನೂನು ಕಾಲೇಜಿದೆ, ಚಿತ್ರದುರ್ಗದಲ್ಲಿ ಸರಸ್ವತಿ ಕಾನೂನು ಕಾಲೇಜಿದೆ, ಹುಬ್ಬಳ್ಳಿಯಲ್ಲಿ ಕಾನೂನು ವಿಶ್ವವಿದ್ಯಾಲಯವೇ ಇದೆ. ಭಾನುವಾರ ಎರಡು ತಾಸು, ಕನ್ನಡದಲ್ಲಿ, ಮೇಷ್ಟ್ರುಗಳಿಗೆ, ಎಂಜಿನಿಯರುಗಳಿಗೆ, ಸಿಸ್ಟರುಗಳಿಗೆ ಅಂತ ಒಂದು ಕೋರ್ಸು ನಡೆಸಿದರೆ ಮೊದಲ ಬೆಂಚಿನಲ್ಲಿ ನಾನು ಕೂರುತ್ತೇನೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯಲ್ಲಿ, ಅಂಥ ವಿಷಯ ಗೊತ್ತಿದ್ದೂ ದೂರು ಕೊಡದಿದ್ದರೆ ಆರು ತಿಂಗಳವರೆಗೆ ಜೈಲಿದೆ. ಎಷ್ಟು ಮೇಷ್ಟ್ರಿಗೆ ಗೊತ್ತು?

ಇನ್ನು ನಿಮ್ಮ ಮೇಲೂ ಸ್ವಲ್ಪ ಸಿಟ್ಟಿದೆ. ಇಷ್ಟು ವರ್ಷ ವಾರ್ಡು ಆಳಿದವರು ಓದಲೋ ಬೇಡವೋ ಅಂತ ಪತ್ರಿಕೆಗೆ ಬರೆದು ಕೇಳುವುದಾ? ಅರ್ಜಿ ಹಾಕಿ. ಅದಕ್ಕೂ ಮುಂಚೆ, ನಾಳೆ ಡ್ಯೂಟಿಗೆ ಹೋದಾಗ ನಿಮ್ಮ ಆಸ್ಪತ್ರೆಯ ಕನ್ಸೆಂಟ್ ಫಾರಂ ತೆಗೆದು ನೋಡಿ. ಕನ್ನಡದಲ್ಲಿದೆಯಾ, ರೋಗಿ ಓದಿ ಸಹಿ ಹಾಕುವಂತಿದೆಯಾ, ನಮಗೆ ಬರೆಯಿರಿ.

ಹಾಂ, ಭಾವನವರ ಚಂದಾ ಮಾರ್ಚಿಗೇ ಮುಗಿದಿದೆ. ಇದನ್ನು ನೋಟಿಸ್ ಅಂತ ತಿಳಿಯಬಾರದು ಎಂದು ಹೇಳಿ.