ಇಮೇಲ್‌ನಲ್ಲಿ ಡ್ರಾಯಿಂಗ್ ಕಳಿಸಿದರೂ ರಫ್ತೇ?

ಪ್ರಶ್ನೆ: ಡಿಆರ್‌ಡಿಒ ಅನುದಾನದಲ್ಲಿ ನಮ್ಮ ವಿಶ್ವವಿದ್ಯಾಲಯ ಥರ್ಮಲ್ ಕ್ಯಾಮೆರಾದ ಸೆನ್ಸರ್ ರೂಪಿಸುತ್ತಿದೆ. ಜಂಟಿ ಸಂಶೋಧನೆಗೆ ಬಂದಿರುವ ವಿದೇಶಿ ವಿವಿಗೆ ಡ್ರಾಯಿಂಗ್ ಕಳಿಸಬಹುದೇ?

ಉತ್ತರ: ತಡೆಯಿರಿ. ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ಕಳಿಸಲು ಅನುಮತಿ ಸಿಕ್ಕಂತಲ್ಲ. ರಫ್ತಿಗೆ ಪರವಾನಗಿ ಬೇಕಾದ ಸೂಕ್ಷ್ಮ ವಸ್ತು, ತಂತ್ರಜ್ಞಾನಗಳ ‘ಸ್ಕಾಮೆಟ್’ ಪಟ್ಟಿಯಲ್ಲಿ ಸೆನ್ಸರ್, ಲೇಸರ್‌ಗಳು 8ಎ6 ವಿಭಾಗದಡಿ ಬರುತ್ತವೆ. ಅವುಗಳ ತಂತ್ರಜ್ಞಾನಕ್ಕೂ ನಿಯಂತ್ರಣವಿದೆ. ಇಮೇಲ್ ಕೂಡ ರಫ್ತೇ. ಎಡವುವುದು ಇಲ್ಲೇ: ಪೆಟ್ಟಿಗೆ ಹೋದರೆ ಕಸ್ಟಮ್ಸ್ ನೋಡುತ್ತದೆ, ಫೈಲ್ ಹೋದರೆ ಯಾರೂ ಕೇಳುವುದಿಲ್ಲ.

ಮೊದಲು ನಿಮ್ಮ ಸೆನ್ಸರ್‌ನ ತರಂಗಾಂತರ, ಪಿಕ್ಸೆಲ್ ಸಂಖ್ಯೆಗಳನ್ನು ಪಟ್ಟಿಯ ಮಿತಿಗಳೊಂದಿಗೆ ತಾಳೆ ನೋಡಿ. ಒಳಗೆ ಬಿದ್ದರೆ ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಪೋರ್ಟಲ್‌ನಲ್ಲಿ ಪರವಾನಗಿಗೆ ಅರ್ಜಿ. ಸಂಸ್ಥೆಗೆ ಐಇಸಿ (ಆಮದು-ರಫ್ತುದಾರರ ಕೋಡ್) ಸಂಖ್ಯೆ, ಆ ವಿವಿಯಿಂದ ಅಂತಿಮ ಬಳಕೆದಾರರ ಪ್ರಮಾಣಪತ್ರ ಬೇಕು. ಸೇನೆಗೆಂದೇ ವಿನ್ಯಾಸವಾದದ್ದು ಇದೇ ಪಟ್ಟಿಯ 6ನೇ ವರ್ಗ, ಅದರ ಪರವಾನಗಿ ರಕ್ಷಣಾ ಉತ್ಪಾದನಾ ಇಲಾಖೆಯದು. ಈಗಾಗಲೇ ಪ್ರಕಟವಾದ ಪ್ರಬಂಧ, ಮೂಲಭೂತ ವಿಜ್ಞಾನ ಸಂಶೋಧನೆಗೆ ವಿನಾಯಿತಿ ಇದೆ. ತಯಾರಿಕಾ ಡ್ರಾಯಿಂಗನ್ನು ಆ ಲೆಕ್ಕಕ್ಕೆ ಸೇರಿಸುವ ಜಾಣತನ ಬೇಡ. ಇದಲ್ಲದೆ ಮಂಜೂರಾತಿ ಪತ್ರದಲ್ಲಿನ ಗೋಪ್ಯತೆ, ಬೌದ್ಧಿಕ ಹಕ್ಕಿನ ಷರತ್ತು ಓದಿ, ಅನುದಾನ ಕೊಟ್ಟವರ ಲಿಖಿತ ಒಪ್ಪಿಗೆ ಪಡೆದು ಕಡತದಲ್ಲಿಡಿ.