ನಾಲ್ಕು ವರ್ಷದ ಮಗುವಿಗೆ ಸರಿ-ತಪ್ಪು ಗೊತ್ತಾಗಲ್ಲ ಅಂತ ಯಾರು ಹೇಳಿದ್ದು?

ಮಗನಿಗೆ ನಾಲ್ಕು ವರ್ಷ, ಮನೆಯಲ್ಲಿ 12 ನಿಯಮ ಮಾಡಿದ್ದೀರಿ, ಒಂದನ್ನೂ ಕೇಳಲ್ಲ, ಸರಿ-ತಪ್ಪು ಗೊತ್ತಾಗದ ವಯಸ್ಸು, ಹಾಗಾಗಿ ಶಿಸ್ತು ಇನ್ನೂ ಬಿಗಿ ಮಾಡಲಾ ಅಂತ ಕೇಳಿದ್ದೀರಿ. ಐದು ವರ್ಷದ ಹಿಂದೆ ನಾನೇ ಬರೆದ ಹಾಗಿದೆ.

ನನ್ನ ಮಗಳಿಗೆ ಆಗ ನಾಲ್ಕೂವರೆ. ಒಂದು ಸಂಜೆ ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೆದಳು. ಐದು ನಿಮಿಷಕ್ಕೆ ಬಣ್ಣದ ಪೆನ್ಸಿಲ್‌ಗೋಸ್ಕರ ತಮ್ಮನನ್ನು ಸ್ಟೂಲ್ ಮೇಲಿಂದ ತಳ್ಳಿದಳು. ಅವನ ಹಣೆ ಊದಿಕೊಂಡಿತು. ನಾನು ಒಂದು ಕೈಯಲ್ಲಿ ಅವನನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಟವೆಲ್ ಹಿಡಿದುಕೊಂಡೇ ಕೂಗಾಡಿದೆ: "ಎಷ್ಟು ಸಲ ಹೇಳಬೇಕು? ಈ ಮನೆಗೆ ರೂಲ್ಸ್ ಇಲ್ವಾ?" ಅವಳು ಟವೆಲ್ ನೋಡಿದಳು, ತಮ್ಮನನ್ನು ನೋಡಿದಳು. "ಅಮ್ಮಾ, ಯಾವುದಕ್ಕೆ ಬೈತಿದ್ದೀಯ?"

ಎದುರುತ್ತರ ಕೊಡ್ತೀಯಾ ಅಂತ ಇನ್ನೆರಡು ಮಾತು ಜಾಸ್ತಿ ಬೈದೆ.

ನನ್ನ ತಪ್ಪು ಕೂಗಾಡಿದ್ದಲ್ಲ. ಕೂಗಾಡದ ತಾಯಿ ಯಾರಿದ್ದಾರೆ? ಎರಡಕ್ಕೂ ಒಂದೇ ದನಿ, ಒಂದೇ ಕಾರಣ, ಒಂದೇ ಶಿಕ್ಷೆ. ತಪ್ಪು ಅದು. ಟವೆಲ್ ಎಸೆದರೂ ಟಿವಿ ಬಂದ್, ತಳ್ಳಿದರೂ ಟಿವಿ ಬಂದ್. ಯಾಕೆ ಅಂದರೆ "ರೂಲ್ ಅದು". ಫ್ರಿಜ್ ಮೇಲೆ ಒಂದು ಚಾರ್ಟ್ ಅಂಟಿಸಿದ್ದೆ, ಒಂಬತ್ತು ಸಾಲು. ಅದರಲ್ಲಿ "ಯಾರಿಗೂ ಹೊಡೆಯಬಾರದು" ಏಳನೆಯದು, "ಪುಸ್ತಕ ಜಾಗದಲ್ಲೇ ಇಡಬೇಕು" ಅನ್ನೋದರ ಕೆಳಗೆ! ಬಂದವರೆಲ್ಲ ಚಾರ್ಟ್ ನೋಡಿ ಹೊಗಳುತ್ತಿದ್ದರು ಬೇರೆ. ತಮ್ಮನಿಗೆ ನೋವಾಯಿತು ಅನ್ನೋ ಮಾತು ಆ ಸಂಜೆ ನನ್ನ ಬಾಯಿಂದ ಒಮ್ಮೆಯೂ ಬರಲಿಲ್ಲ. ಆ ವರ್ಷ ಪೂರ್ತಿ ಬಂದದ್ದು ಕಡಿಮೆಯೇ.

ಅದರ ಫಲ ಸಿಕ್ಕಿದ್ದು ಅವಳಿಗೆ ಏಳು ತುಂಬಿದ ಮೇಲೆ. ಕ್ಲಾಸಿನ ಹುಡುಗಿಯರೆಲ್ಲ ಸೇರಿ ಒಬ್ಬಳನ್ನು ವಾರಗಟ್ಟಲೆ ಆಟಕ್ಕೆ ಸೇರಿಸಿಕೊಂಡಿರಲಿಲ್ಲ. ನಮ್ಮವಳೂ ಅದರಲ್ಲಿದ್ದಳು. ಯಾಕೆ ಹೀಗೆ ಮಾಡಿದೆ ಅಂದೆ. "ಹಾಗೆ ಮಾಡಬಾರದು ಅಂತ ರೂಲ್ ಇಲ್ವಲ್ಲ ಅಮ್ಮ" ಅಂದಳು. ಅವಳ ಮುಖದಲ್ಲಿ ಗೊಂದಲ ಇರಲಿಲ್ಲ. ನನ್ನ ಮಾತನ್ನೇ ನನಗೆ ಗುರಾಣಿಯಾಗಿ ಹಿಡಿದಿದ್ದಳು.

ಆಮೇಲೆ ಓದಲು ಕೂತೆ. ಚಿಕ್ಕ ಮಕ್ಕಳಿಗೆ ದೊಡ್ಡವರು ಹೇಳಿದ್ದೇ ಸರಿ, ನಿಯಮವೇ ನೀತಿ ಅನ್ನೋ ಚಿತ್ರ ಪಿಯಾಜೆ ಮತ್ತು ಕೋಲ್ಬರ್ಗ್ ಅನ್ನೋ ಹಿಂದಿನ ತಲೆಮಾರಿನ ಮನಶ್ಶಾಸ್ತ್ರಜ್ಞರ ಕಾಲದ್ದು. ಅದನ್ನು ಪ್ರಶ್ನೆ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಟ್ಯೂರಿಯಲ್. ಅವರ ಪ್ರಕಾರ ಮಕ್ಕಳ ತಲೆಯಲ್ಲಿ ಎರಡು ಬೇರೆ ಬೇರೆ ಖಾತೆಗಳಿವೆ. ಇನ್ನೊಬ್ಬರಿಗೆ ನೋವು, ಅನ್ಯಾಯ ಆಗೋದು ಒಂದು, ಅದು ನೀತಿ. ಎಲ್ಲರೂ ಒಪ್ಪಿಕೊಂಡಿರೋ ರೂಢಿ ಇನ್ನೊಂದು. ಮನಶ್ಶಾಸ್ತ್ರಜ್ಞೆ ಜುಡಿತ್ ಸ್ಮೆಟಾನಾ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲೆ ಮೆಟ್ಟಿಲು ಹತ್ತದ ಪುಟ್ಟ ಮಕ್ಕಳೂ ಈ ವ್ಯತ್ಯಾಸ ಮಾಡಿದ್ದರು. ನಿಯಮ ಇಲ್ಲದಿದ್ದರೆ ಹೊಡೆಯಬಹುದಾ ಅಂದರೆ, ಆಗಲೂ ತಪ್ಪೇ. ಆಟಿಕೆ ಎತ್ತಿಡದೆ ಹೋಗಬಹುದಾ ಅಂದರೆ, ನಿಯಮ ಇಲ್ಲ ಅಂದಮೇಲೆ ಪರವಾಗಿಲ್ಲ. ಟ್ಯೂರಿಯಲ್ ಮತ್ತು ಇನ್ನೊಬ್ಬ ಸಂಶೋಧಕ ಲ್ಯಾರಿ ನೂಚಿ 1978ರಲ್ಲಿ ಕಂಡದ್ದಂತೂ ನನಗೆ ನೇರವಾಗಿ ನಾಟಿತು: ಯಾರಾದರೂ ಹೊಡೆದರೆ ಮಕ್ಕಳೇ ಎದ್ದು ಗಲಾಟೆ ಮಾಡುತ್ತಾರೆ, ರೂಢಿ ಮುರಿದರೆ ತಲೆ ಕೆಡಿಸಿಕೊಳ್ಳೋದು ಹೆಚ್ಚಾಗಿ ದೊಡ್ಡವರೇ.

ಅಂದರೆ ನನ್ನ ಮಗಳಿಗೆ ಆ ಸಂಜೆ ವ್ಯತ್ಯಾಸ ಗೊತ್ತಿತ್ತು. ಅದಕ್ಕೇ ಕೇಳಿದ್ದು.

ಹಾಗಾಗಿ ಬಿಗಿ ಮಾಡಬೇಕಾ ಸಡಿಲ ಮಾಡಬೇಕಾ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ನಿಮ್ಮ ಮಗನಿಗೆ ಸರಿ-ತಪ್ಪು ಗೊತ್ತಿದೆ. ಹೊಡೆದಾಗ ನಿಯಮದ ಹೆಸರು ಎತ್ತಲೇಬೇಡಿ, ಪೆಟ್ಟು ತಿಂದವರ ಮುಖ ತೋರಿಸಿ, "ನೋಡು, ಅಳ್ತಿದ್ದಾನೆ" ಅನ್ನಿ, ಸಾಕು. ಟವೆಲ್‌ಗೆ ಬೇಕಿದ್ದರೆ ನಿಯಮ ಅನ್ನಿ, ಆದರೆ ಸಣ್ಣ ದನಿಯಲ್ಲಿ. ಆ 12ರಲ್ಲಿ "ನಾನು ಆರಿಸಿದ ಅಂಗಿಯನ್ನೇ ಹಾಕಬೇಕು" ಅಂತಲೂ ಬರೆದಿದ್ದೀರಿ. ಅದು ನೀತಿಯೂ ಅಲ್ಲ, ರೂಢಿಯೂ ಅಲ್ಲ, ಅವನ ಅಂಗಿ. ಅದನ್ನು ಇವತ್ತೇ ಅಳಿಸಿ.