ಗರ್ಭಪಾತವಾದ ಗೆಳತಿಯ ಮನಸ್ಸು ನೋಯಿಸಿದೆ, ಈಗ ಹೇಗೆ ಕ್ಷಮೆ ಕೇಳಲಿ?

ನಿಮ್ಮ ಪ್ರಶ್ನೆ ಓದಿದೆ. ಗೆಳತಿಗೆ ಮೂರನೇ ತಿಂಗಳಲ್ಲಿ ಗರ್ಭಪಾತವಾಗಿದೆ. ಫೋನ್ ಮಾಡಿ ಅಳುತ್ತಾ ಹೇಳಿಕೊಂಡಿದ್ದಾಳೆ. ನೀವು ‘ಬೇಗನೇ ಹೋಗಿದ್ದೇ ಒಳ್ಳೇದಾಯ್ತು ಬಿಡು, ಇನ್ನೂ ವಯಸ್ಸಿದೆ, ಮತ್ತೆ ಆಗುತ್ತೆ’ ಅಂದಿರಿ. ಅವಳು ‘ಹ್ಞೂಂ’ ಅಂದು ಫೋನಿಟ್ಟಳು. ಆಮೇಲೆ ನಿಮ್ಮ ಮೆಸೇಜಿಗೆಲ್ಲ ಒಂದೊಂದು ಪದದ ಉತ್ತರ.

ನಾನು ನಿಮ್ಮ ಗೆಳತಿಯ ಜಾಗದಲ್ಲಿ ಇದ್ದವಳು. ಇದೇ ಮಾತುಗಳನ್ನು ಕೇಳಿಸಿಕೊಂಡವಳು. ಆ ಕಡೆಯಿಂದ ನನಗೆ ತಿಳಿದದ್ದನ್ನು ಹೇಳುತ್ತೇನೆ.

ನೀವು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಒಂದು ಸಲ ಹೀಗಾದವರಲ್ಲಿ ಹೆಚ್ಚಿನವರಿಗೆ ಮುಂದೆ ಆರೋಗ್ಯವಾಗಿಯೇ ಮಗುವಾಗುತ್ತದೆ. ಆದರೆ ಅವಳು ಆವತ್ತು ಮುಂದಿನ ಮಗುವಿನ ಮಾತಾಡುತ್ತಿರಲಿಲ್ಲ. ಹೋದ ಮಗುವಿನ ಬಗ್ಗೆ ಹೇಳುತ್ತಿದ್ದಳು. ನಿಮ್ಮ ಸಮಾಧಾನದ ಮಾತು ಅದನ್ನು ಅರ್ಧಕ್ಕೇ ನಿಲ್ಲಿಸಿತು. ಅವಳಿಗೆ ಜಾಸ್ತಿ ನೋವಾಗಿರುವುದು ಅಲ್ಲಿ ಅಂತ ನನಗನ್ನಿಸುತ್ತದೆ. ಹಾಗಾಗಿ ಕ್ಷಮೆ ಕೇಳಿದರೆ ಅರ್ಧ ಕೆಲಸ ಅಷ್ಟೇ. ಅವಳು ಹೇಳದೇ ನಿಲ್ಲಿಸಿದ್ದನ್ನು ಪೂರ್ತಿ ಕೇಳಿಸಿಕೊಂಡಾಗಲೇ ಉಳಿದರ್ಧ ಆಗುವುದು.

ಇನ್ನೊಂದು ವಿಷಯ ಯೋಚನೆ ಮಾಡಿ. ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಬಸುರಿ ಅಂತ ಯಾರಿಗೂ ಹೇಳುವುದಿಲ್ಲ, ದೃಷ್ಟಿಯಾಗುತ್ತದೆ ಅನ್ನುತ್ತಾರೆ. ಸಂತೋಷವನ್ನೇ ಹೇಳಿಕೊಳ್ಳದ ಮೇಲೆ ಈ ದುಃಖವನ್ನು ಯಾರ ಹತ್ತಿರ ಹೇಳುವುದು? ಗಂಡ, ಅಮ್ಮ, ಅತ್ತೆ, ಅಷ್ಟೇ. ಮನೆಯಲ್ಲೂ ‘ಏನು ತಿಂದೆ, ಗಾಡಿ ಓಡಿಸಿದೆಯಾ, ಭಾರ ಎತ್ತಿದೆಯಾ’ ಅಂತ ವಿಚಾರಣೆ ನಡೆದಿರಬಹುದು. ಅಂಥ ಹೊತ್ತಿನಲ್ಲಿ ಅವಳು ನಿಮಗೆ ಫೋನ್ ಮಾಡಿದ್ದಾಳೆ. ನಿಮ್ಮ ಮೇಲೆ ಎಷ್ಟು ನಂಬಿಕೆ ಇತ್ತು ನೋಡಿ.

ದೇಹದ ಕಷ್ಟವೂ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸ್ಕ್ಯಾನ್ ಮಾಡುವಾಗ ಡಾಕ್ಟರ್ ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಾರೆ. ಆಮೇಲೆ ಹಾರ್ಟ್‌ಬೀಟ್ ಇಲ್ಲ ಅನ್ನುತ್ತಾರೆ. ಕೆಲವರಿಗೆ ಮಾತ್ರೆ, ಕೆಲವರಿಗೆ ಡಿ ಅಂಡ್ ಸಿ, ಅಂದರೆ ಗರ್ಭಕೋಶ ಸ್ವಚ್ಛ ಮಾಡುವ ಸಣ್ಣ ಶಸ್ತ್ರಚಿಕಿತ್ಸೆ. ರಕ್ತಸ್ರಾವ ಒಂದೆರಡು ವಾರ ಇರಬಹುದು. ಬಸಿರಿನ ಹಾರ್ಮೋನ್ ನಿಧಾನಕ್ಕೆ ಇಳಿಯುವುದರಿಂದ, ಮನೆಯಲ್ಲಿ ಟೆಸ್ಟ್ ಮಾಡಿದರೆ ಕೆಲವು ವಾರ ಪಾಸಿಟಿವ್ ಅಂತಲೇ ತೋರಿಸಬಹುದು. ‘ಬೇಗನೇ ಹೋಯ್ತು’ ಅಂದರೆ ಇದೆಲ್ಲ ಏನೂ ಅಲ್ಲ ಅಂದ ಹಾಗೆ ಕೇಳಿಸುತ್ತದೆ.

ಈಗ ಕ್ಷಮೆ ಕೇಳುವ ವಿಷಯ. ನನ್ನ ಸಲಹೆ, ಮೊದಲು ಮೆಸೇಜ್ ಕಳಿಸಿ. ಫೋನ್ ಮಾಡಿದರೆ ಅವಳು ಆಗಲೇ ಏನಾದರೂ ಹೇಳಲೇಬೇಕಾಗುತ್ತದೆ, ಬಹುಶಃ ‘ಪರವಾಗಿಲ್ಲ’ ಅಂದುಬಿಡುತ್ತಾಳೆ. ಹೀಗೆ ಬರೆಯಬಹುದು:

‘ಆವತ್ತು ನೀನು ಅಳ್ತಾ ಇದ್ದಾಗ ಬೇಗನೇ ಹೋಗಿದ್ದೇ ಒಳ್ಳೇದಾಯ್ತು ಅಂದೆ. ಹಾಗೆ ಹೇಳಿದ್ದು ತಪ್ಪು ಕಣೇ. ನಿನ್ನ ಮಾತು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ನನ್ನ ಕ್ಷಮಿಸು. ಇದಕ್ಕೆ ಉತ್ತರ ಬರೀಬೇಕು ಅಂತೇನಿಲ್ಲ. ನಿನಗೆ ಯಾವಾಗ ಮಾತಾಡಬೇಕು ಅನ್ಸುತ್ತೋ ಆವಾಗ ನಾನು ಕೇಳ್ತೀನಿ.’

ನೀವು ಅಂದ ಮಾತನ್ನೇ ಮತ್ತೆ ಬರೆಯುವುದು ಕಷ್ಟ, ಆದರೂ ಬರೆಯಿರಿ. ಯಾವ ಮಾತು ಚುಚ್ಚಿತು ಅಂತ ಅವಳೇ ನಿಮಗೆ ವಿವರಿಸುವ ಹಾಗಾಗಬಾರದು. ‘ನಿನಗೆ ಬೇಜಾರಾಗಿದ್ದರೆ ಸಾರಿ’ ಅನ್ನಬೇಡಿ. ಬೇಜಾರಾಗಿದೆ, ಅದರಲ್ಲಿ ಅನುಮಾನ ಏನಿದೆ? ‘ನನ್ನ ಉದ್ದೇಶ ಅದಲ್ಲ’ ಅನ್ನುವುದೂ ಬೇಡ. ಅದು ಅವಳಿಗೂ ಗೊತ್ತು.

ನನಗೆ ಒಬ್ಬ ಗೆಳತಿ ಉದ್ದಕ್ಕೆ ಬರೆದಿದ್ದಳು. ನಿದ್ದೆ ಬರುತ್ತಿಲ್ಲ, ನನ್ನಂಥ ಕೆಟ್ಟವಳಿಲ್ಲ, ಹೀಗೆ. ಕೊನೆಗೆ ನಾನೇ ಅವಳನ್ನು ಸಮಾಧಾನ ಮಾಡಿದೆ. ಇನ್ನೊಬ್ಬಳೂ ನಿಮ್ಮ ಹಾಗೆಯೇ ಏನೋ ಅಂದಿದ್ದಳು. ಅವಳು ಅನ್ನ ಸಾರು ಹಿಡಿದು ಮನೆಗೆ ಬಂದಳು, ಹಾಗೆ ಅನ್ನಬಾರದಿತ್ತು ಅಂತ ಒಂದೇ ಸಲ ಹೇಳಿದಳು. ಆಮೇಲೆ ‘ಸ್ಕ್ಯಾನ್ ರೂಮಲ್ಲಿ ನಿನ್ನ ಜೊತೆ ಯಾರಿದ್ರು?’ ಅಂತ ಕೇಳಿದಳು. ಅದನ್ನು ಬೇರೆ ಯಾರೂ ಕೇಳಿರಲಿಲ್ಲ. ಯಾರೂ ಇರಲಿಲ್ಲ, ಗಂಡನನ್ನು ಹೊರಗೇ ಕೂರಿಸಿದ್ದರು. ಅಲ್ಲಿಂದ ಶುರುವಾಗಿ ಕತ್ತಲಾಗುವವರೆಗೂ ಮಾತಾಡಿದೆ. ಅವಳು ನಡುವೆ ಒಂದು ಬುದ್ಧಿಮಾತನ್ನೂ ಹೇಳಲಿಲ್ಲ. ಅವಳ ಮೇಲಿದ್ದ ಬೇಸರ ಆ ಸಂಜೆಯೇ ಹೋಯಿತು.

ಹಾಗಾಗಿ ನಿಮ್ಮ ಗೆಳತಿ ಮಾತಿಗೆ ಬಂದರೆ ಅಂಥ ಸಣ್ಣ ಪ್ರಶ್ನೆ ಕೇಳಿ. ಅವಳ ಗಂಡನನ್ನೂ ಹೇಗಿದ್ದೀರಿ ಅಂತ ಕೇಳಿ, ಪಾಪ ಅವರನ್ನು ಯಾರೂ ಮಾತಾಡಿಸಿರುವುದಿಲ್ಲ. ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ, ಎದುರುತ್ತರ ಬೇಡ.

‘ನಾನೇ ಏನೋ ತಪ್ಪು ಮಾಡಿದೆ’ ಅಂತ ಅವಳು ಅಂದರೆ ಮಾತ್ರ ವೈದ್ಯರು ಹೇಳುವುದನ್ನು ತಿಳಿಸಿ. ಗೊತ್ತಾದ ಗರ್ಭಗಳಲ್ಲಿ 100ಕ್ಕೆ ಸುಮಾರು 10ರಿಂದ 20 ಹೀಗೆ ಹೋಗುತ್ತವೆ, ಹೆಚ್ಚಿನವು ಮೊದಲ 12 ವಾರಗಳಲ್ಲಿ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ಕ್ರೋಮೋಸೋಮಿನ, ಅಂದರೆ ವಂಶವಾಹಿಗಳನ್ನು ಹೊತ್ತ ಎಳೆಗಳ, ಏರುಪೇರೇ ಕಾರಣ. ದಿನನಿತ್ಯದ ಕೆಲಸ ಮಾಡಿದ್ದಕ್ಕೆ, ಆಫೀಸಿಗೆ ಹೋಗಿದ್ದಕ್ಕೆ ಗರ್ಭ ಹೋಗುವುದಿಲ್ಲ. ಕೇಳದೇ ಈ ಲೆಕ್ಕ ಹೇಳಿದರೆ ಮತ್ತೆ ಅದೇ ‘ಬಿಡು’ ಅಂದ ಹಾಗಾಗುತ್ತದೆ.

ಉತ್ತರವೇ ಬರದಿದ್ದರೆ ‘ಓದಿದೆಯಾ?’ ಅಂತ ಕೆದಕಬೇಡಿ. ಸ್ವಲ್ಪ ದಿನ ಬಿಟ್ಟು ಸುಮ್ನೆ ಊಟ ಆಯ್ತಾ ಅಂತ ಒಂದು ಮೆಸೇಜ್ ಹಾಕಿ. ಯಾರದೋ ಸೀಮಂತ, ನಾಮಕರಣ ಅಂತ ಅವಳನ್ನು ಕರೆಯುವ ಮೊದಲು ಬರುವ ಮನಸ್ಸಿದೆಯಾ ಅಂತ ಕೇಳಿ. ಹೆರಿಗೆಗೆ ಕೊಟ್ಟಿದ್ದ ತಾರೀಖು ನಿಮಗೆ ಗೊತ್ತಿದ್ದರೆ ನೆನಪಿಟ್ಟುಕೊಳ್ಳಿ, ಆ ವಾರ ಅವಳಿಗೆ ಕಷ್ಟ ಆಗಬಹುದು.

ಅವಳು ಕೆಲಸಕ್ಕೆ ಹೋಗುವವಳಾದರೆ ರಜೆಯ ವಿಷಯ ತಿಳಿಸಿ. ಗರ್ಭಪಾತವಾದರೆ ಸಂಬಳ ಸಹಿತ 6 ವಾರ ರಜೆ ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೂ ಇದೆ, ಆಸ್ಪತ್ರೆಯ ದಾಖಲೆ ಕೊಡಬೇಕು. ತುಂಬಾ ಜನ ಇದು ಗೊತ್ತಿಲ್ಲದೆ ಒಂದೆರಡು ದಿನ ಸಿಕ್ ಲೀವ್ ಹಾಕಿ ವಾಪಸ್ ಹೋಗುತ್ತಾರೆ. ವಾರಗಟ್ಟಲೆ ಊಟ, ನಿದ್ದೆ ಬಿಟ್ಟಿದ್ದಾಳೆ ಅಂತ ಕಂಡರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮೊದಲು ಅವಳನ್ನು ಕೇಳಿ, ಬೇಕು ಅಂದರೆ ಪಕ್ಕದಲ್ಲಿ ಕೂತು ನೀವೇ ಕರೆ ಮಾಡಿಕೊಡಿ.